ಮದ್ದಿನ ಪಂಪಿಗೆ ಮನೆಯಲ್ಲಿರಬೇಕಾದ ಬಿಡಿಭಾಗಗಳು

ನನ್ನ ತೋಟದಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಮೇ ತಿಂಗಳ ಕೊನೆಯ ವಾರ. ಮೈಲುತುತ್ತು, ಸುಣ್ಣ ತಂದಾಗಿತ್ತು. ಮರ ಹತ್ತುವವರೂ ಬಂದಿದ್ದರು. ಹತ್ತು ಮರಕ್ಕೆ ಮದ್ದು ಬಿಡುವಷ್ಟರಲ್ಲಿ ಪಂಪಿನ ಒತ್ತಡ ಇಳಿಯಿತು. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಹರಿದಿತ್ತು. ಪೇಟೆಗೆ ಹೋಗಿ ಬರುವಾಗ ಮಧ್ಯಾಹ್ನ ದಾಟಿತು. ತಂದ ವಾಷರ್ ಅಳತೆಗೆ ಕೂರಲಿಲ್ಲ. ಮರುದಿನ ಮಳೆ ಹಿಡಿಯಿತು, ಜನ ಬೇರೆ ತೋಟಕ್ಕೆ ಹೋದರು. ಜುಲೈಯಲ್ಲಿ ಬುಡಕ್ಕೆ ಉದುರಿದ ಎಳೆ ಅಡಿಕೆ ಹೆಕ್ಕಿದವನು ನಾನೇ.

ಕೊಳೆರೋಗದ ಶಿಲೀಂಧ್ರ ಮಳೆಯ ತೇವದಲ್ಲಿ ಹಬ್ಬುತ್ತದೆ. ಅದು ಬರುವ ಮೊದಲೇ ಗೊನೆಗೆ ಮದ್ದು ಅಂಟಿರಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಬೋರ್ಡೋ ದ್ರಾವಣ ಮಳೆಗಾಲದ ಆರಂಭಕ್ಕೆ ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು. ಆದ್ದರಿಂದ ಪಂಪ್ ಕೆಡಬಾರದ ದಿನಗಳು ವರ್ಷದಲ್ಲಿ ನಾಲ್ಕೈದು ಮಾತ್ರ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಪಂಪಿನ ಸಾಲದ ಕಾಗದ ಎಷ್ಟೋ ಬರೆದಿದ್ದೇನೆ. ವಾಷರಿಗೆ ಸಾಲ ಕೇಳಿ ಯಾರೂ ಬಂದವರಿಲ್ಲ! ಕೌಂಟರಿನಲ್ಲಿ ದೊಡ್ಡ ನೋಟು ಎಷ್ಟಿದ್ದರೂ ಚಿಲ್ಲರೆ ಇಲ್ಲದಿದ್ದರೆ ವ್ಯವಹಾರ ನಿಲ್ಲುತ್ತದೆ. ಬಿಡಿಭಾಗ ಎಂದರೆ ಪಂಪಿನ ಚಿಲ್ಲರೆ.

ಹಾಗೆಂದು ಎಲ್ಲವನ್ನೂ ಕೊಂಡಿಡಬೇಕಾಗಿಲ್ಲ. ಒಂದೊಂದು ಭಾಗಕ್ಕೂ ಮೂರು ಪ್ರಶ್ನೆ ಹಾಕಿ. ಉಜ್ಜಿ ಸವೆಯುವಂಥದೇ? ಬಿಚ್ಚುವಾಗ ಬಿದ್ದು ಕಳೆದುಹೋಗುವಂಥದೇ? ಅದಿಲ್ಲದೆ ಕೆಲಸವೇ ನಿಲ್ಲುತ್ತದೆಯೇ?

ಮೊದಲನೆಯದು ವಾಷರ್. ಎರಡು ಸೆಟ್ ಇರಲಿ. ಎರಡನೆಯದು ವಾಲ್ವಿನ ಗುಂಡು. ಅದು ಸರಿಯಾಗಿ ಕೂರದಿದ್ದರೆ ಎಳೆದ ಮದ್ದು ಹಿಂದಕ್ಕೇ ಹೋಗುತ್ತದೆ. ಮೂರನೆಯದು ನಾಝಲಿನ ಬಿಲ್ಲೆ. ಸುಣ್ಣ ಉಜ್ಜಿ ಉಜ್ಜಿ ಅದರ ತೂತು ದೊಡ್ಡದಾಗುತ್ತದೆ. ಆಗ ಮಂಜಿನಂತೆ ಬೀಳಬೇಕಾದ ಮದ್ದು ದೊಡ್ಡ ಹನಿಯಾಗಿ ಸೋರಿಹೋಗುತ್ತದೆ. ಕಟ್ಟಿಕೊಂಡರೆ ತಂತಿ ಚುಚ್ಚಬೇಡಿ, ಬ್ರಷ್ ಹಾಕಿ ತೊಳೆಯಿರಿ. ಇವುಗಳ ಜೊತೆಗೆ ಸೋಸುವ ಜಾಳಿ ಒಂದು, ಪೈಪಿನ ಕ್ಲಿಪ್ ನಾಲ್ಕು, ಒಡೆದ ಪೈಪ್ ಸೇರಿಸುವ ಜಾಯಿಂಟ್ ಒಂದು, ಸ್ಪ್ರೇ ಗನ್ನಿನ ಟ್ರಿಗರಿಗೆ ಬೇಕಾದ ಸ್ಪ್ರಿಂಗ್ ಮತ್ತು ವಾಷರ್. ಇಂಜಿನ್ ಪಂಪ್ ಇದ್ದವರು ಬೆಲ್ಟ್, ಪ್ಯಾಕಿಂಗ್, ಪೆಟ್ರೋಲ್ ಇಂಜಿನ್ ಆದರೆ ಪ್ಲಗ್ ಕೂಡ ಇಟ್ಟುಕೊಳ್ಳಿ.

ಸಿಲಿಂಡರ್, ಒತ್ತಡದ ಪಾತ್ರೆ ಮೊದಲಾದ ದೊಡ್ಡ ಭಾಗಗಳಿಗೆ ಹಣ ಹಾಕಬೇಡಿ. ಅವು ಕೆಟ್ಟರೆ ಮೆಕ್ಯಾನಿಕ್ಕೇ ಬೇಕು.

ಅಂಗಡಿಗೆ ಹೋಗುವಾಗ ಹಳೆಯ ತುಂಡನ್ನು ಕೊಂಡುಹೋಗಿ. ಕುಂಬಳೆಯಲ್ಲಿ ಮಲೆಯಾಳದಲ್ಲಿ ಕೇಳಿ, ಪುತ್ತೂರಿನಲ್ಲಿ ಕನ್ನಡದಲ್ಲಿ ಕೇಳಿ, ಸ್ಯಾಂಪಲ್ ಕೈಯಲ್ಲಿದ್ದರೆ ಭಾಷೆಯ ತಕರಾರೇ ಇಲ್ಲ. ನಾನು ಬರಿಗೈಯಲ್ಲಿ ಹೋದದ್ದೇ ಅಂದಿನ ತಪ್ಪು. ತಂದದ್ದನ್ನು ಮನೆಯಲ್ಲಿ ಒಮ್ಮೆ ಹಾಕಿ ನೋಡಿ, ಆಮೇಲೆ ಡಬ್ಬಿಗೆ ಸೇರಿಸಿ. ರಬ್ಬರಿಗೆ ಬಿಸಿಲಾಗದು, ಸೀಮೆಎಣ್ಣೆ ತಾಗಿದರೆ ಉಬ್ಬುತ್ತದೆ. ಡಬ್ಬಿಯೊಳಗೆ ಒಂದು ಚೀಟಿ ಇರಲಿ: ಯಾವ ಪಂಪಿನದು, ಎಷ್ಟು ಇದೆ, ಯಾವಾಗ ತಂದದ್ದು. ಒಂದು ತೆಗೆದರೆ ಒಂದು ತಂದಿಡಿ.

ಕೆಲಸ ಮುಗಿದ ಸಂಜೆ ಪಂಪಿನಲ್ಲಿ ಶುದ್ಧ ನೀರು ಹಾಯಿಸಲು ಮರೆಯಬೇಡಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ.

ವಿಷು ಕಳೆದ ವಾರವೇ ಪಂಪನ್ನು ಅಟ್ಟದಿಂದ ಇಳಿಸಿ ಬರೀ ನೀರು ಹಾಕಿ ನಡೆಸಿ ನೋಡಿ. ಸೋರುವುದಿದ್ದರೆ ಆಗಲೇ ಸೋರಲಿ. ಅಂಗಡಿಗೆ ಹೋಗಿ ಬರಲು ಇನ್ನೂ ಒಂದು ತಿಂಗಳಿರುತ್ತದೆ.