ನೆಲಮಾಳಿಗೆಗೆ ನೀರು ಜಿನುಗದಂತೆ ವಹಿಸಬೇಕಾದ ಕ್ರಮಗಳು

(ವಿನೋಬನಗರ ಹಾಗೂ ಶಿವಮೊಗ್ಗ ನಗರದ ಇತರ ಬಡಾವಣೆಗಳಲ್ಲಿ ಮನೆ ಕಟ್ಟುವವರಿಗೆ ಮತ್ತು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರಿಗೆ)

ಶಿವಮೊಗ್ಗ ನಗರವು ಮಲೆನಾಡಿನ ಅಂಚಿನಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಮಳೆಯನ್ನು ಪಡೆಯುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಬಿಡದೆ ಸುರಿದಾಗ ಮಣ್ಣು ನೀರಿನಿಂದ ತುಂಬಿ ನೆಲಮಾಳಿಗೆಯ ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಾ ನದಿಯು ಉಕ್ಕಿ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ನಾಗರಿಕರು ಬಲ್ಲರು. ಆದರೆ ನೆಲಮಾಳಿಗೆಗೆ ನೀರು ಬರಲು ನದಿಯೇ ಉಕ್ಕಬೇಕೆಂದಿಲ್ಲ. ಸ್ವಂತ ಮನೆಯ ಮಾಳಿಗೆಯ ನೀರೇ ಸಾಕು. ಆದುದರಿಂದ ನೀರನ್ನು ಗೋಡೆಯ ಹೊರಗೇ ತಡೆಯುವುದು ಮೂಲ ನಿಯಮವೆಂದು ತಿಳಿಯತಕ್ಕದ್ದು.

1. ನೀರು ಬರುವ ಮೂಲವನ್ನು ಗುರುತಿಸುವುದು

ದುರಸ್ತಿಗೆ ಹಣ ವ್ಯಯಿಸುವ ಮುನ್ನ ಕೆಳಗಿನ ಸರಳ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು.

ಅ) ಸುಮಾರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ ಒಂದು ದಿನ ಬಿಡುವುದು. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ಗೋಡೆಯ ಮೂಲಕ ನೀರು ಜಿನುಗುತ್ತಿದೆ. ಮುಂಬದಿಯಲ್ಲಿ ಕಂಡರೆ ಅದು ಗಾಳಿಯ ತೇವಾಂಶ. ಗಾಳಿಯಾಡುವ ವ್ಯವಸ್ಥೆ ಮಾಡಿದರೆ ಸಾಕು.

ಆ) ನೀರಿನ ಸಂಪನ್ನು ತುಂಬಿಸಿ, ಒಳಬರುವ ಮತ್ತು ಹೊರಹೋಗುವ ಕೊಳವೆಗಳನ್ನು ಮುಚ್ಚಿ, ಮಟ್ಟವನ್ನು ಗುರುತು ಹಾಕಿಡುವುದು. 24 ಗಂಟೆಗಳಲ್ಲಿ ಮಟ್ಟ ಗಮನಾರ್ಹವಾಗಿ ಇಳಿದರೆ ಸಂಪೇ ಸೋರುತ್ತಿರುವ ಸಂಭವವಿದೆ.

ಇ) ಮಳೆಯಿಲ್ಲದ ದಿನಗಳಲ್ಲೂ ತೇವವಿದ್ದರೆ ನೀರಿನ ಕೊಳವೆ ಅಥವಾ ಒಳಚರಂಡಿ ಸಂಪರ್ಕವನ್ನು ಪರಿಶೀಲಿಸುವುದು. ತುಂಗಾ ನಾಲೆಯ ಸಮೀಪದ ನಿವೇಶನದವರು, ನಾಲೆಯಲ್ಲಿ ನೀರು ಹರಿಯುವ ದಿನಗಳಲ್ಲಿ ತೇವ ಹೆಚ್ಚುವುದೇ ಎಂಬುದನ್ನೂ ಗಮನಿಸತಕ್ಕದ್ದು.

2. ಮಾಳಿಗೆಯ ನೀರು ಮತ್ತು ಅಂಗಳದ ಇಳಿಜಾರು

100 ಚದರ ಮೀಟರ್ ವಿಸ್ತೀರ್ಣದ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರಾಗುತ್ತದೆ. ಈ ನೀರನ್ನು ಗೋಡೆಯ ಬುಡದಲ್ಲಿ ಬೀಳಲು ಬಿಡಬಾರದು. ಕೊಳವೆಯ ಮೂಲಕ ಮಳೆನೀರು ಸಂಗ್ರಹದ ತೊಟ್ಟಿಗೆ ಅಥವಾ ಮಳೆನೀರು ಚರಂಡಿಗೆ ಒಯ್ಯಬೇಕು. ಇಂಗುಗುಂಡಿಯನ್ನು ನೆಲಮಾಳಿಗೆಯ ಗೋಡೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿ ತೋಡುವುದು ಒಳಿತು. ಅಂಗಳದ ಇಳಿಜಾರು ಮನೆಯಿಂದ ಹೊರಮುಖವಾಗಿರಬೇಕು. ವಾಹನ ಇಳಿಯುವ ಇಳಿಜಾರಿನ ಮೇಲ್ತುದಿಯಲ್ಲಿ ಅಡ್ಡ ದಿಬ್ಬವನ್ನೂ ಕೆಳತುದಿಯಲ್ಲಿ ಜಾಲರಿ ಮುಚ್ಚಿದ ಅಡ್ಡ ಚರಂಡಿಯನ್ನೂ ಕಟ್ಟಿಸುವುದು ಅಗತ್ಯ.

3. ಹೊಸದಾಗಿ ಕಟ್ಟುವವರಿಗೆ

ಗೋಡೆಯ ಹೊರಗೆ 2 ಮೀಟರ್ ಎತ್ತರಕ್ಕೆ ನೀರು ನಿಂತರೆ, ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 2 ಟನ್ ಒತ್ತಡ ಬೀಳುತ್ತದೆ. ಒಳಬದಿಗೆ ಬಳಿದ ಬಣ್ಣವು ಎದ್ದು ಬರಲು ಈ ಒತ್ತಡವೇ ಕಾರಣ. ಆದುದರಿಂದ ಜಲನಿರೋಧಕ ಲೇಪನವನ್ನು ಹೊರಬದಿಗೇ ಮಾಡಿಸಬೇಕು.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ, ಹಾನಿಕರ ಲವಣಗಳಿಲ್ಲದ ಮಣ್ಣಿನಲ್ಲಿ ಹುದುಗಿರುವ ಬಲವರ್ಧಿತ ಕಾಂಕ್ರೀಟು ಕನಿಷ್ಠ ಎಂ-25 ದರ್ಜೆಯದಾಗಿರಬೇಕು. ನೀರು ಮತ್ತು ಸಿಮೆಂಟಿನ ಪ್ರಮಾಣವು 0.50 ಮೀರಬಾರದು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಮಾಡಬೇಕು. ಒಣ ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚಿರಬೇಕು. ನೆಲ ಮತ್ತು ಗೋಡೆ ಸೇರುವ ಸಂದಿಯೇ ಹೆಚ್ಚಾಗಿ ಸೋರುವ ಜಾಗವಾದ್ದರಿಂದ ಅಲ್ಲಿ ವಾಟರ್‌ಸ್ಟಾಪ್ ಪಟ್ಟಿಯನ್ನು ಕಾಂಕ್ರೀಟು ಹಾಕುವಾಗಲೇ ಕೂರಿಸಬೇಕು. ಗೋಡೆಯ ಹೊರಬುಡದಲ್ಲಿ ಜಲ್ಲಿಯ ನಡುವೆ ರಂಧ್ರಗಳುಳ್ಳ ಕೊಳವೆಯನ್ನಿಟ್ಟು ನೀರನ್ನು ಬೇರೆಡೆಗೆ ಸಾಗಿಸಬೇಕು. ಮಣ್ಣು ತುಂಬುವ ಮೊದಲು ಲೇಪನವನ್ನು ಇಂಜಿನಿಯರರಿಂದ ತಪಾಸಣೆ ಮಾಡಿಸತಕ್ಕದ್ದು. ಮಣ್ಣು ಮುಚ್ಚಿದ ನಂತರ ದೋಷವನ್ನು ತಿದ್ದುವುದು ಬಹಳ ದುಬಾರಿ.

4. ಈಗಾಗಲೇ ಇರುವ ನೆಲಮಾಳಿಗೆಗಳಿಗೆ

ಮೊದಲು ಮಾಳಿಗೆಯ ನೀರು ಮತ್ತು ಅಂಗಳವನ್ನು ಸರಿಪಡಿಸಿ ಒಂದು ಮಳೆಗಾಲ ನೋಡುವುದು ಮೇಲು. ಆಮೇಲೂ ತೇವವಿದ್ದರೆ ಬಿರುಕುಗಳನ್ನು ಗ್ರೌಟಿಂಗ್‌ನಿಂದ ಮುಚ್ಚಿಸಬೇಕು. ಸಾಧ್ಯವಿದ್ದಲ್ಲಿ ಹೊರಗೆ ಅಗೆದು ಲೇಪನ ಮಾಡಿಸಬೇಕು. ಇವೆರಡೂ ಆಗದಿದ್ದಲ್ಲಿ ಒಳಗೆ ಸಣ್ಣ ಗುಂಡಿ ಮಾಡಿ, ತಾನಾಗಿ ಚಾಲೂ ಆಗುವ ಪಂಪನ್ನು ಇರಿಸಿಕೊಳ್ಳಬೇಕು. ಮಳೆನೀರನ್ನು ಒಳಚರಂಡಿಗೆ ಬಿಡುವುದು ಸರ್ವಥಾ ಸಲ್ಲದು. ಮ್ಯಾನ್‌ಹೋಲ್ ತುಂಬಿ ನೆರೆಮನೆಗೆ ಕೊಳಚೆ ನುಗ್ಗುತ್ತದೆ.

5. ನೀರು ನುಗ್ಗಿದಾಗ ಜೀವರಕ್ಷಣೆ

2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮೃತಪಟ್ಟರು. ನೀರು ಏರುತ್ತಿರುವಾಗ ವಾಹನ ಅಥವಾ ಸಾಮಾನು ತರಲು ಯಾರೂ ಕೆಳಗಿಳಿಯಬಾರದು. ವಿದ್ಯುತ್ ಸಂಪರ್ಕ ಕಡಿತವಾಗಿದೆಯೆಂದು ಖಚಿತವಾಗುವವರೆಗೆ ನಿಂತ ನೀರಿಗೆ ಕಾಲಿಡಬಾರದು. ಮೀಟರ್ ಮತ್ತು ಸ್ವಿಚ್ ಫಲಕಗಳನ್ನು ಮೊದಲೇ ನೆಲಮಟ್ಟದಿಂದ ಮೇಲೆ ಅಳವಡಿಸಿರಬೇಕು. ಹೊರಗಿನ ಮಣ್ಣು ಇನ್ನೂ ನೀರಿನಿಂದ ತುಂಬಿರುವಾಗ ಒಳಗಿನ ನೀರನ್ನೆಲ್ಲ ಒಮ್ಮೆಲೇ ಪಂಪ್ ಮಾಡಿದರೆ ಗೋಡೆ ಕುಸಿಯಬಹುದು, ಹಂತಹಂತವಾಗಿ ತೆಗೆಯಬೇಕು.

6. ಅರ್ಜಿದಾರರ ಗಮನಕ್ಕೆ

ಪರವಾನಗಿ ನಕ್ಷೆಯಲ್ಲಿ ನೆಲಮಾಳಿಗೆಯ ಆಳ, ಮಳೆನೀರಿನ ಹರಿವು, ಸಂಪು ಮತ್ತು ಇಂಗುಗುಂಡಿಯ ಸ್ಥಾನಗಳನ್ನು ಸ್ಪಷ್ಟವಾಗಿ ತೋರಿಸುವುದು ಅರ್ಜಿದಾರರಿಗೇ ಹಿತ. ನೆಲಮಾಳಿಗೆಯನ್ನು ಮಂಜೂರಾದ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು. ಮಲಗುವ ಕೋಣೆಯಾಗಿ ಅಥವಾ ಬಾಡಿಗೆ ಕೊಠಡಿಯಾಗಿ ಮಾರ್ಪಡಿಸಬಾರದು. ಮೃಗಶಿರಾ ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲಿಯೇ, ಮಾಳಿಗೆಯ ಕೊಳವೆ ಹಾಗೂ ಚರಂಡಿಗಳನ್ನು ಸ್ವಚ್ಛಗೊಳಿಸಿ, ಪಂಪನ್ನು ಒಮ್ಮೆ ಚಾಲೂ ಮಾಡಿ ನೋಡಿಕೊಳ್ಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.