ಸೂತ್ರಕ್ಕೆ ಸಿಕ್ಕದ ಕ್ರಿಯಾಪದಗಳು

ಇಂಗ್ಲಿಷು ಕಲಿಯುವ ಮಗುವು ‘ವಾಕ್’ ಎಂಬುದು ‘ವಾಕ್ಡ್’ ಎಂದಾಗುವುದನ್ನು ಕಂಡು, ಅದೇ ನ್ಯಾಯದಿಂದ ‘ಗೋ’ ಎಂಬುದನ್ನು ‘ಗೋಡ್’ ಎಂದರೆ ಮನೆಯ ಹಿರಿಯರು ನಗುವುದುಂಟು; ಕೆಲವರು ಗದರಿಸುವುದೂ ಉಂಟು. ಗದರಿಸತಕ್ಕ ಕಾರಣವೇನೂ ಇಲ್ಲ. ಮಗುವು ಸೂತ್ರವನ್ನು ಸರಿಯಾಗಿಯೇ ಗ್ರಹಿಸಿದೆ. ಭಾಷೆಯೇ ಸೂತ್ರವನ್ನು ಮೀರಿದೆ. ನಮ್ಮ ಕನ್ನಡವೇನು ಸಾಧುವೆ? ‘ಮಾಡು’ ಎಂಬುದು ‘ಮಾಡಿದ’ ಎಂದಾಗುವಾಗ ‘ಬರು’, ‘ಕೊಡು’, ‘ಬೀಳು’, ‘ಸಾಯು’ ಎಂಬಿವು ‘ಬಂದ’, ‘ಕೊಟ್ಟ’, ‘ಬಿದ್ದ’, ‘ಸತ್ತ’ ಎಂದೇಕೆ ಆಗಬೇಕು? ತಾಯಿಯ ಮಡಿಲಲ್ಲಿ ಕಲಿತುದರಿಂದ ಇದರ ತೊಡಕು ನಮಗೆ ತೋರುವುದಿಲ್ಲ, ಅಷ್ಟೆ.

ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ತೊಡಕುಂಟು. ‘ಬಂದನು’, ‘ಬಂದಿದ್ದಾನೆ’ ಎಂಬೆರಡಕ್ಕೂ ನಮಗೆ ಒಂದೇ ರೂಪವು ಸಾಕು. ಅವರಿಗೆ ಬರಿಯ ಭೂತಕಾಲಕ್ಕೆ ಒಂದು ರೂಪ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ಗಳೊಡನೆಯೂ ಕರ್ಮಣಿ ಪ್ರಯೋಗದಲ್ಲಿಯೂ ಭೂತಕೃದಂತವೆಂಬ ಬೇರೊಂದು ರೂಪ. ‘ಹೀ ವೆಂಟ್’ ಸರಿ. ‘ಹೀ ಹ್ಯಾಸ್ ವೆಂಟ್’ ತಪ್ಪು, ‘ಗಾನ್’ ಎನ್ನಬೇಕು. ಹಾಗೆಯೇ ‘ಹ್ಯಾವ್’ ಬಂದಲ್ಲಿ ‘ಏಟ್’, ‘ರೋಟ್’, ‘ಫೆಲ್’ ಎನ್ನದೆ ‘ಈಟನ್’, ‘ರಿಟನ್’, ‘ಫಾಲನ್’ ಎನ್ನತಕ್ಕದ್ದು. ‘ಕಮ್’ ಎಂಬುದು ‘ಕೇಮ್’ ಆಗಿ, ಕೃದಂತದಲ್ಲಿ ಮರಳಿ ‘ಕಮ್’ ಆಗುತ್ತದೆ! ‘ಕಟ್’, ‘ಪುಟ್’ಗಳಂತೂ ಜಗ್ಗುವುದೇ ಇಲ್ಲ.

ಇಂಗ್ಲಿಷರೇ ಇದರಲ್ಲಿ ಎಡವಿದ್ದಾರೆಂಬುದು ನಮಗೆ ಸಮಾಧಾನಕರವಾದ ಸಂಗತಿ. ಮುಂದೆ ಲಂಡನ್ನಿನ ಬಿಷಪ್ಪರಾದ ರಾಬರ್ಟ್ ಲೌತ್ ಎಂಬವರು 1762ರಲ್ಲಿ ಪ್ರಕಟಿಸಿದ ತಮ್ಮ ವ್ಯಾಕರಣದಲ್ಲಿ ‘ಹ್ಯಾವ್ ರೋಟ್’ ಎಂಬಂಥ ಪ್ರಯೋಗಗಳನ್ನು ಖಂಡಿಸಿ, ಮಿಲ್ಟನ್ನನಂಥ ಮಹಾಕವಿಯಲ್ಲಿಯೂ ಇಂಥ ದೋಷವನ್ನು ಎತ್ತಿ ತೋರಿಸಿದರು. ಹಳೆಯ ರೂಪಗಳೆಷ್ಟೋ ಸವೆದುಹೋಗಿವೆ. ‘ಹೆಲ್ಪ್’ ಎಂಬುದಕ್ಕೆ ಹಿಂದೆ ‘ಹೋಲ್ಪನ್’ ಎಂಬ ಕೃದಂತವಿದ್ದಿತು, ಈಗ ‘ಹೆಲ್ಪ್ಡ್’ ಆಗಿದೆ. ‘ಗೆಟ್’ ಎಂಬುದಕ್ಕೆ ಇಂಗ್ಲೆಂಡಿನವರು ಸಾಮಾನ್ಯವಾಗಿ ‘ಗಾಟ್’ ಎನ್ನುವಲ್ಲಿ, ಅಮೆರಿಕದವರು ಹಳೆಯ ‘ಗಾಟನ್’ ಎಂಬುದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ.

ಎಲ್ಲಕ್ಕಿಂತಲೂ ಹೆಚ್ಚಾಗಿ ಮೋಸಗೊಳಿಸುವುವು ಅವಳಿ ಪದಗಳು. ಮಲಗುವುದೆಂಬ ‘ಲೈ’ ಎಂಬುದಕ್ಕೆ ‘ಲೇ’, ‘ಲೇನ್’. ಇಡುವುದೆಂಬ ‘ಲೇ’ ಎಂಬುದಕ್ಕೆ ಎರಡೆಡೆಯೂ ‘ಲೇಡ್’. ಕೋಳಿಯು ಮೊಟ್ಟೆಯಿಡುವುದಕ್ಕೂ ಈ ‘ಲೇಡ್’ ಎಂಬುದೇ ಸಲ್ಲುತ್ತದೆ. ಜ್ವರದಿಂದ ಎರಡು ದಿನ ಹಾಸಿಗೆಯಲ್ಲಿ ‘ಹ್ಯಾವ್ ಲೇಡ್’ ಎಂದು ರಜೆಯ ಅರ್ಜಿಯಲ್ಲಿ ಬರೆದವನ ಮೇಲೆ ಅಧಿಕಾರಿಯು ಕನಿಕರಪಡಬೇಕೋ, ಮೊಟ್ಟೆಗಳೆಷ್ಟೆಂದು ಕೇಳಬೇಕೋ! ಹಕ್ಕಿಯು ‘ಫ್ಲೋನ್’ ಆಗಬಹುದು, ಹೊಳೆಯು ‘ಫ್ಲೋಡ್’ ಆಗಬೇಕು. ಆದುದರಿಂದ ನೆರೆ ಬಂದ ನದಿಯನ್ನು ‘ಓವರ್‌ಫ್ಲೋನ್’ ಎನ್ನಕೂಡದು. ಕಳೆದ ವಸ್ತುವು ‘ಫೌಂಡ್’ ಆಗುತ್ತದೆ, ಸಂಘವು ‘ಫೌಂಡೆಡ್’ ಆಗುತ್ತದೆ. ಗೋಡೆಯ ಮೇಲೆ ಅಜ್ಜನವರ ಪಟವನ್ನು ತೂಗುಹಾಕಿದರೆ ಅದು ‘ಹಂಗ್’. ‘ಹ್ಯಾಂಗ್ಡ್’ ಎಂಬುದನ್ನು ಗಲ್ಲಿಗೇರಿದವರಿಗಾಗಿ ಮೀಸಲಿಟ್ಟಿದ್ದಾರೆ.