ಮಸಲ್ ಕಾರುಗಳ ಅಲ್ಪಪರಿಚಿತ ಸೌಲಭ್ಯಗಳು

ಮಸಲ್ ಕಾರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡ ಕಾರುಗಳ ಒಂದು ವರ್ಗ. ಎರಡು ಬಾಗಿಲಿನ, ಹಿಂಬದಿ ಚಕ್ರಗಳಿಂದ ಚಲಿಸುವ ಸಾಮಾನ್ಯ ಕಾರಿಗೆ ದೊಡ್ಡ ವಿ8 ಎಂಜಿನ್ ಅಳವಡಿಸಿ, ಮಧ್ಯಮವರ್ಗದವರ ಕೈಗೆಟಕುವ ಬೆಲೆಗೆ ಮಾರುವುದು ಇದರ ಮೂಲ ಕಲ್ಪನೆ. ಒಂದೇ ಕಾರು ವಾರದ ದಿನಗಳಲ್ಲಿ ಕಚೇರಿಗೆ ಹೋಗಲೂ ವಾರಾಂತ್ಯದಲ್ಲಿ ಕಾಲು ಮೈಲಿಯ (ಸುಮಾರು 402 ಮೀಟರ್) ಡ್ರ್ಯಾಗ್ ಪಂದ್ಯದಲ್ಲಿ ಓಡಲೂ ಒದಗಬೇಕಿತ್ತು. ಈ ಎರಡು ಬಳಕೆಗಳನ್ನು ಹೊಂದಿಸಲು ತಯಾರಕರು ಅಳವಡಿಸಿದ ಹಲವು ಸೌಲಭ್ಯಗಳು ಕೈಪಿಡಿಯ ಒಳಪುಟಗಳಲ್ಲಿ ಅಥವಾ ಪರದೆಯ ಉಪಪಟ್ಟಿಗಳಲ್ಲಿ ಅಡಗಿರುವುದರಿಂದ ಮಾಲೀಕರ ಗಮನಕ್ಕೆ ಬರುವುದು ಕಡಿಮೆ. ಇವುಗಳ ತಿಳಿವಳಿಕೆಯಿಂದ ಯಂತ್ರದ ಹಾನಿ, ಕಳ್ಳತನ ಮತ್ತು ಖರೀದಿಯಲ್ಲಿನ ವಂಚನೆಯನ್ನು ತಕ್ಕಮಟ್ಟಿಗೆ ತಡೆಯಬಹುದು.

## ಹಿನ್ನೆಲೆ

1964ರ ಮಾದರಿಯ ಪಾಂಟಿಯಾಕ್ ಜಿಟಿಒ ಕಾರನ್ನು ಈ ವರ್ಗದ ಆರಂಭವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆಗ ಜನರಲ್ ಮೋಟಾರ್ಸ್ ಕಂಪನಿಯು ತನ್ನ ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಬಳಸಬಾರದೆಂಬ ಆಂತರಿಕ ನಿಯಮ ಹೊಂದಿತ್ತು. ಜಾನ್ ಡಿಲೋರಿಯನ್ ಮುಂದಾಳತ್ವದ ಪಾಂಟಿಯಾಕ್ ತಂತ್ರಜ್ಞರು 389 ಘನ ಅಂಗುಲದ (6.4 ಲೀಟರ್) ಎಂಜಿನ್ ಅನ್ನು ಪ್ರತ್ಯೇಕ ಮಾದರಿಯಾಗಿ ತರದೆ, ಲೆಮಾನ್ಸ್ ಕಾರಿನ ಐಚ್ಛಿಕ ಸೌಲಭ್ಯವಾಗಿ ನೀಡಿ ಆ ನಿಯಮವನ್ನು ದಾಟಿದರು. ಈ ವರ್ಗದ ಮೊದಲ ಕಾರೇ ಬೆಲೆಪಟ್ಟಿಯ ಒಂದು ಸಾಲಿನಲ್ಲಿ ಅಡಗಿದ್ದ ಸೌಲಭ್ಯವಾಗಿತ್ತು.

ಮಸ್ಟಾಂಗ್, ಕಮಾರೋ ಮೊದಲಾದ ಕಿರಿಯ ಗಾತ್ರದ ಕಾರುಗಳನ್ನು ಕಟ್ಟುನಿಟ್ಟಾಗಿ 'ಪೋನಿ ಕಾರು' ಎಂದು ಕರೆಯಲಾಗುತ್ತದೆಯಾದರೂ ಅವುಗಳ ವಿ8 ಆವೃತ್ತಿಗಳನ್ನು ರೂಢಿಯಲ್ಲಿ ಮಸಲ್ ಕಾರುಗಳೊಂದಿಗೇ ಎಣಿಸುತ್ತಾರೆ.

## ಹಳೆಯ ಕಾರುಗಳಲ್ಲಿನ ಸೌಲಭ್ಯಗಳು

### ನಿರ್ವಾತದಿಂದ ನಡೆಯುವ ಸಾಧನಗಳು

1960ರ ದಶಕದ ಕಾರುಗಳಲ್ಲಿ ಇಂದಿನಂತೆ ಗಣಕ ನಿಯಂತ್ರಣವಿರಲಿಲ್ಲ. ಎಂಜಿನ್ನಿನ ಒಳಹರಿವಿನ ಕೊಳವೆಯಲ್ಲಿ ಉಂಟಾಗುವ ನಿರ್ವಾತವೇ ಹಲವು ಸಾಧನಗಳಿಗೆ ಚಾಲಕಶಕ್ತಿಯಾಗಿತ್ತು. 1970ರ ಷೆವರ್ಲೆ ಷೆವೆಲ್ ಎಸ್ಎಸ್ ಕಾರಿನ 'ಕೌಲ್ ಇಂಡಕ್ಷನ್' ಬಾನೆಟ್ ಇದಕ್ಕೆ ಉದಾಹರಣೆ. ಆಕ್ಸಿಲರೇಟರ್ ಪೂರ್ಣವಾಗಿ ಒತ್ತಿದಾಗ ಬಾನೆಟ್ಟಿನ ಹಿಂಬದಿಯ ಪುಟ್ಟ ಮುಚ್ಚಳ ತೆರೆದುಕೊಂಡು, ಮುಂಗಾಜಿನ ಬುಡದಲ್ಲಿ ಒತ್ತಡ ಹೆಚ್ಚಿರುವ ತಂಪು ಗಾಳಿಯನ್ನು ಎಂಜಿನ್ನಿಗೆ ಒದಗಿಸುತ್ತದೆ.

1968ರ ಡಾಡ್ಜ್ ಚಾರ್ಜರ್ ಮತ್ತು 1968–69ರ ಕಮಾರೋ ಆರ್‌ಎಸ್ ಕಾರುಗಳಲ್ಲಿ ಮುಂದೀಪಗಳನ್ನು ಮರೆಮಾಡುವ ಬಾಗಿಲುಗಳೂ ನಿರ್ವಾತದಿಂದಲೇ ತೆರೆಯುತ್ತವೆ. ಇಂತಹ ಕಾರಿನಲ್ಲಿ ಒಂದು ದೀಪದ ಬಾಗಿಲು ತಡವಾಗಿ ತೆರೆದರೆ ದೋಷ ಸಾಮಾನ್ಯವಾಗಿ ವಿದ್ಯುತ್ ಸಂಪರ್ಕದಲ್ಲಿರದೆ ಬಿರುಕುಬಿಟ್ಟ ರಬ್ಬರ್ ಕೊಳವೆಯಲ್ಲಿರುತ್ತದೆ. 1969ರ ಕಮಾರೋ ಆರ್‌ಎಸ್‌ನ ಬಾಗಿಲುಗಳಲ್ಲಿ ಗಾಜಿನ ಸೀಳುಗಳನ್ನು ಇಡಲಾಗಿತ್ತು. ಬಾಗಿಲು ತೆರೆಯದೆ ಹೋದರೂ ಸ್ವಲ್ಪ ಬೆಳಕು ರಸ್ತೆಗೆ ಬೀಳಲೆಂಬುದು ಇದರ ಉದ್ದೇಶ.

1970ರ ಜಿಟಿಒದಲ್ಲಿ ಅತಿ ಕಡಿಮೆ ಅವಧಿಗೆ ಲಭ್ಯವಿದ್ದ ಇನ್ನೊಂದು ಸೌಲಭ್ಯವೆಂದರೆ ನಿರ್ವಾತಚಾಲಿತ ಎಕ್ಸಾಸ್ಟ್. ಡ್ಯಾಶ್‌ಬೋರ್ಡಿನ ಕೆಳಗಿನ ಗುಂಡಿಯನ್ನು ಎಳೆದರೆ ಮಫ್ಲರಿನ ಒಳಗಿನ ಕವಾಟ ತೆರೆದು ಸದ್ದೂ ಶಕ್ತಿಯೂ ಹೆಚ್ಚುತ್ತಿದ್ದವು. ಕಂಪನಿಯ ಆಡಳಿತವು ಕೆಲವೇ ತಿಂಗಳುಗಳಲ್ಲಿ ಇದನ್ನು ಹಿಂತೆಗೆದುಕೊಂಡಿತು. ಇಂದಿನ ಕಾರುಗಳ ಸಕ್ರಿಯ ಎಕ್ಸಾಸ್ಟ್ ವ್ಯವಸ್ಥೆಯ ತತ್ತ್ವವೂ ಇದೇ ಆಗಿದೆ.

### ಇತರ ಸೌಲಭ್ಯಗಳು

* ಹಾರ್ನ್: 1968ರ ಪ್ಲಿಮತ್ ರೋಡ್ ರನ್ನರ್ ಕಾರಿಗೆ ಅದೇ ಹೆಸರಿನ ವ್ಯಂಗ್ಯಚಿತ್ರದ ಹಕ್ಕಿಯ ಕೂಗನ್ನು ಹೋಲುವ ಹಾರ್ನ್ ಅಳವಡಿಸಲಾಗಿತ್ತು. ಆ ಹಕ್ಕಿಯ ಹೆಸರು ಮತ್ತು ಚಿತ್ರದ ಬಳಕೆಗಾಗಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ 50,000 ಡಾಲರ್ ನೀಡಲಾಯಿತು.
* ಬಾನೆಟ್ಟಿನ ಮೇಲಿನ ಟ್ಯಾಕೋಮೀಟರ್: 1967ರಿಂದ ಪಾಂಟಿಯಾಕ್ ಕಾರುಗಳಲ್ಲಿ ಲಭ್ಯವಿತ್ತು. ಚಾಲಕನು ರಸ್ತೆಯಿಂದ ಕಣ್ಣು ತೆಗೆಯದೆ ಎಂಜಿನ್ನಿನ ವೇಗವನ್ನು ತಿಳಿಯಬಹುದಿತ್ತು.
* ಸಾಲಾಗಿ ಬೆಳಗುವ ತಿರುವು ದೀಪ: 1967ರ ಮರ್ಕ್ಯುರಿ ಕೂಗರ್ ಕಾರಿನಲ್ಲಿ ಪುಟ್ಟ ವಿದ್ಯುತ್ ಮೋಟಾರೊಂದು ಹಿಂದೀಪಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬೆಳಗಿಸುತ್ತಿತ್ತು. ಮೂರು ಪಟ್ಟಿಗಳ ಇಂತಹ ದೀಪಗಳು ಇಂದಿನ ಮಸ್ಟಾಂಗ್ ಕಾರುಗಳಲ್ಲಿಯೂ ಇವೆ.
* ಇಂಧನ ಮುಚ್ಚಳ: ಆ ಕಾಲದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಹಲವಕ್ಕೆ ಇಂಧನ ತುಂಬುವ ಬಾಯಿ ಹಿಂಬದಿಯ ನೋಂದಣಿ ಫಲಕದ ಹಿಂದೆ ಇರುತ್ತದೆ.

## ಹಳೆಯ ಕಾರುಗಳ ಮಾಲೀಕರಿಗೆ ಉಪಯುಕ್ತ ವಿಧಾನಗಳು

### ಎಡ ತಿರುಪಿನ ಚಕ್ರದ ನಟ್ಟುಗಳು

ಕ್ರೈಸ್ಲರ್ ಸಮೂಹದ (ಡಾಡ್ಜ್, ಪ್ಲಿಮತ್) 1970ರವರೆಗಿನ ಬಹುತೇಕ ಕಾರುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳು ಎಡ ತಿರುಪನ್ನು ಹೊಂದಿವೆ. ಚಕ್ರದ ತಿರುಗುವಿಕೆಯಿಂದ ನಟ್ಟು ಸಡಿಲವಾಗದಿರಲೆಂಬುದು ಈ ವಿನ್ಯಾಸದ ಆಶಯವಾಗಿತ್ತು. ಇವುಗಳನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಸಾಮಾನ್ಯವಾಗಿ ಬೋಲ್ಟಿನ ತುದಿಯಲ್ಲಿ 'ಎಲ್' ಅಕ್ಷರದ ಗುರುತಿರುತ್ತದೆ. ಇದನ್ನರಿಯದೆ ಬಲ ಹಾಕಿದಾಗ ಬೋಲ್ಟು ಮುರಿಯುವುದು ಈ ಕಾರುಗಳಲ್ಲಿ ಬಹು ಸಾಮಾನ್ಯ.

### ಕೀಲಿ ಬಿಟ್ಟೊಡನೆ ನಿಲ್ಲುವ ಎಂಜಿನ್

ಕೀಲಿಯನ್ನು ತಿರುಗಿಸಿ ಹಿಡಿದಾಗ ಎಂಜಿನ್ ಚಾಲನೆಗೊಂಡು, ಬಿಟ್ಟ ಕೂಡಲೇ ನಿಂತುಹೋಗುವುದು ಕ್ರೈಸ್ಲರ್ ಕಾರುಗಳ ಪ್ರಸಿದ್ಧ ದೋಷ. ಆರಂಭದ ಕ್ಷಣದಲ್ಲಿ ಕಿಡಿಯ ವ್ಯವಸ್ಥೆಗೆ ಬ್ಯಾಟರಿಯ ಪೂರ್ಣ ವಿದ್ಯುತ್ ನೇರವಾಗಿ ದೊರೆಯುತ್ತದೆ. ಕೀಲಿ ತನ್ನ ಸ್ಥಾನಕ್ಕೆ ಮರಳಿದ ಮೇಲೆ ಅದು 'ಬ್ಯಾಲಸ್ಟ್ ರೆಸಿಸ್ಟರ್' ಎಂಬ ಪಿಂಗಾಣಿ ಹೊದಿಕೆಯ ನಿರೋಧಕದ ಮೂಲಕ ಹರಿಯುತ್ತದೆ. ನಿರೋಧಕ ಸುಟ್ಟಿದ್ದರೆ ಎರಡನೆಯ ದಾರಿ ಕಡಿದುಹೋಗುತ್ತದೆ. ಈ ಬಿಡಿಭಾಗ ಅಗ್ಗವಾಗಿದ್ದು ಕೆಲವೇ ನಿಮಿಷಗಳಲ್ಲಿ ಬದಲಿಸಬಹುದಾದುದರಿಂದ ಅನುಭವಿ ಮಾಲೀಕರು ಒಂದನ್ನು ಸದಾ ಕಾರಿನಲ್ಲಿಯೇ ಇಟ್ಟುಕೊಳ್ಳುತ್ತಾರೆ.

### ಎತ್ತರದ ಹೊಂದಾಣಿಕೆ

ಇದೇ ಸಮೂಹದ ಕಾರುಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚು ಸರಳುಗಳಿವೆ. ಪ್ರತಿ ಬದಿಯ ಒಂದು ಬೋಲ್ಟನ್ನು ತಿರುಗಿಸಿ ಕಾರಿನ ಮುಂಭಾಗವನ್ನು ಏರಿಸಬಹುದು ಅಥವಾ ಇಳಿಸಬಹುದು. ಬಳಿಕ ಚಕ್ರಗಳ ಜೋಡಣೆಯನ್ನು ಸರಿಪಡಿಸದಿದ್ದರೆ ಟೈರುಗಳು ಒಂದೇ ಬದಿಗೆ ಸವೆಯುತ್ತವೆ.

### ಎಣ್ಣೆ ಮತ್ತು ಇಂಧನ

ಹಳೆಯ ವಿ8 ಎಂಜಿನ್ನುಗಳಲ್ಲಿ ಕ್ಯಾಮ್ ಮತ್ತು ಅದರ ಚಪ್ಪಟೆ ಟ್ಯಾಪೆಟ್ ಒಂದರ ಮೇಲೊಂದು ಉಜ್ಜುತ್ತವೆ. ಈ ಉಜ್ಜುವಿಕೆಯನ್ನು ತಾಳಲು ಎಂಜಿನ್ ಎಣ್ಣೆಯಲ್ಲಿ ಸತು ಮತ್ತು ರಂಜಕದ ಸಂಯುಕ್ತವಿರಬೇಕು. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಆಧುನಿಕ ಎಣ್ಣೆಗಳಲ್ಲಿ ಈ ಸಂಯುಕ್ತವನ್ನು ತಗ್ಗಿಸಲಾಗಿದೆ. ಆದ್ದರಿಂದ ದುಬಾರಿ ಹೊಸ ಎಣ್ಣೆಯೇ ಹಳೆಯ ಎಂಜಿನ್ನಿನ ಕ್ಯಾಮ್ ಸವೆಯಲು ಕಾರಣವಾಗಬಹುದು. ಹಳೆಯ ಎಂಜಿನ್ನುಗಳಿಗೆಂದೇ ತಯಾರಾದ ಎಣ್ಣೆಯ ಬಳಕೆ ಇದಕ್ಕೆ ಪರಿಹಾರ.

ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುತ್ತದೆ ಹಾಗೂ ಗಾಳಿಯ ತೇವವನ್ನು ಹೀರುತ್ತದೆ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ತುಂಬಿಸಿ ಇಂಧನ ಸ್ಥಿರಕಾರಿಯನ್ನು ಬೆರೆಸುವುದು ವಾಡಿಕೆ.

## ಅಸಲಿತನದ ಗುರುತು

ಕಾರ್ಖಾನೆಯಿಂದಲೇ ದೊಡ್ಡ ಎಂಜಿನ್ನಿನೊಂದಿಗೆ ಬಂದ ಕಾರಿಗೂ, ಸಾಮಾನ್ಯ ಕಾರಿಗೆ ಅಂತಹ ಎಂಜಿನ್ ಕೂರಿಸಿ ಲಾಂಛನ ಅಂಟಿಸಿದ ತದ್ರೂಪಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಹೀಗಾಗಿ ಖರೀದಿಗೆ ಮುನ್ನ ದಾಖಲೆಗಳ ಪರಿಶೀಲನೆ ಮುಖ್ಯವೆನಿಸುತ್ತದೆ.

* 1966ರಿಂದ 1971ರವರೆಗಿನ ಜಿಟಿಒ ಕಾರುಗಳ ವಾಹನ ಗುರುತು ಸಂಖ್ಯೆ '242' ಎಂದು ಆರಂಭವಾಗುತ್ತದೆ. 1964–65ರಲ್ಲಿ ಜಿಟಿಒ ಐಚ್ಛಿಕ ಸೌಲಭ್ಯವಾಗಿದ್ದುದರಿಂದ ಸಂಖ್ಯೆಯೊಂದರಿಂದಲೇ ಅದನ್ನು ಗುರುತಿಸಲಾಗದು.
* 1970ರ ಷೆವೆಲ್‌ನಲ್ಲಿ ಎಸ್ಎಸ್ ಆವೃತ್ತಿಗೆ ಪ್ರತ್ಯೇಕ ಗುರುತು ಸಂಖ್ಯೆಯಿಲ್ಲ. ಕಾರ್ಖಾನೆಯ ಜೋಡಣಾ ಪತ್ರ ಇಲ್ಲಿ ಬಲವಾದ ಆಧಾರ. ಕಾರ್ಮಿಕರು ಈ ಪತ್ರವನ್ನು ಇಂಧನ ಟ್ಯಾಂಕಿನ ಮೇಲೆ ಅಥವಾ ಆಸನದ ಸ್ಪ್ರಿಂಗುಗಳ ನಡುವೆ ಬಿಟ್ಟಿರುವುದುಂಟು.
* ಕ್ರೈಸ್ಲರ್ ಕಾರುಗಳಲ್ಲಿ ಬಾನೆಟ್ಟಿನ ಕೆಳಗಿನ ಲೋಹದ ಫಲಕದ ಮೇಲೆ ಬಣ್ಣ, ಎಂಜಿನ್ ಮತ್ತು ಐಚ್ಛಿಕ ಸೌಲಭ್ಯಗಳ ಸಂಕೇತಗಳಿರುತ್ತವೆ.
* 1967ರಿಂದೀಚೆಗಿನ ಫೋರ್ಡ್ ಕಾರುಗಳಿಗೆ ಕಂಪನಿಯ ಉತ್ಪಾದನಾ ದತ್ತಾಂಶವನ್ನು ಆಧರಿಸಿದ 'ಮಾರ್ಟಿ ವರದಿ' ದೊರೆಯುತ್ತದೆ.

ಅಶ್ವಶಕ್ತಿಯ ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಅಗತ್ಯ. 1972ಕ್ಕೆ ಮುಂಚಿನ ಹೆಚ್ಚಿನ ಅಂಕಿಗಳು ಮಫ್ಲರ್ ಮತ್ತು ಇತರ ಉಪಕರಣಗಳಿಲ್ಲದ ಬರಿ ಎಂಜಿನ್ನಿನ ಒಟ್ಟು ಶಕ್ತಿಯನ್ನು ಹೇಳುತ್ತವೆ. ಅನಂತರದವು ಕಾರಿನಲ್ಲಿ ಅಳವಡಿಸಿದ ಸ್ಥಿತಿಯ ನಿವ್ವಳ ಶಕ್ತಿಯನ್ನು ಸೂಚಿಸುತ್ತವೆ.

## ಆಧುನಿಕ ಕಾರುಗಳಲ್ಲಿನ ಸೌಲಭ್ಯಗಳು

### ಲೈನ್ ಲಾಕ್

ಡ್ರ್ಯಾಗ್ ಪಂದ್ಯಕ್ಕೆ ಮುನ್ನ ಹಿಂಬದಿಯ ಟೈರುಗಳನ್ನು ನಿಂತಲ್ಲೇ ತಿರುಗಿಸಿ ಬಿಸಿಮಾಡಿದರೆ ಅವುಗಳ ಹಿಡಿತ ಹೆಚ್ಚುತ್ತದೆ. ಇದಕ್ಕಾಗಿ ಪಂದ್ಯಾಳುಗಳು ಹಿಂದೆ ಮುಂಬದಿಯ ಬ್ರೇಕ್ ಕೊಳವೆಯಲ್ಲಿ ವಿದ್ಯುತ್ ಕವಾಟವನ್ನು ತಾವೇ ಅಳವಡಿಸಿಕೊಳ್ಳುತ್ತಿದ್ದರು. 2015ರ ಫೋರ್ಡ್ ಮಸ್ಟಾಂಗ್ ಜಿಟಿಯಲ್ಲಿ ಇದು ಕಾರ್ಖಾನೆಯ ಸೌಲಭ್ಯವಾಗಿ ಬಂದಿತು. 'ಟ್ರ್ಯಾಕ್ ಆಪ್ಸ್' ಪಟ್ಟಿಯಲ್ಲಿ ಇದನ್ನು ಆಯ್ದು ಬ್ರೇಕನ್ನು ಬಲವಾಗಿ ಒತ್ತಿದ ಬಳಿಕ, ಮುಂಬದಿಯ ಬ್ರೇಕುಗಳು ಮಾತ್ರ 15 ಸೆಕೆಂಡುಗಳವರೆಗೆ ಹಿಡಿದುಕೊಂಡಿರುತ್ತವೆ. ಇದು ಪಂದ್ಯದ ಹಾದಿಗೆ ಮಾತ್ರ ಮೀಸಲೆಂದು ತಯಾರಕರು ಎಚ್ಚರಿಸುತ್ತಾರೆ.

### ಮೌನ ಚಾಲನೆ

2018ರ ಮಸ್ಟಾಂಗ್ ಜಿಟಿಯ ಸಕ್ರಿಯ ಎಕ್ಸಾಸ್ಟ್ ಆವೃತ್ತಿಯಲ್ಲಿ, ದಿನದ ನಿರ್ದಿಷ್ಟ ವೇಳೆಗಳಲ್ಲಿ ಎಂಜಿನ್ ಕಡಿಮೆ ಸದ್ದಿನೊಂದಿಗೆ ಆರಂಭವಾಗುವಂತೆ ಮೊದಲೇ ಹೊಂದಿಸಿಡಬಹುದು. ಇದರಿಂದ ಸದ್ದು ಸುಮಾರು 10 ಡೆಸಿಬೆಲ್ ತಗ್ಗಿ 72 ಡೆಸಿಬೆಲ್‌ಗೆ ಇಳಿಯುತ್ತದೆ. ಮುಂಜಾನೆಯ ಸದ್ದಿನ ಕುರಿತು ನೆರೆಯವರು ಪೊಲೀಸರಿಗೆ ದೂರಿದ ಪ್ರಸಂಗವೇ ಈ ಸೌಲಭ್ಯಕ್ಕೆ ಪ್ರೇರಣೆಯೆಂದು ಕಂಪನಿ ತಿಳಿಸಿತ್ತು.

### ಕೀಲಿ ಮತ್ತು ಗುಪ್ತಸಂಖ್ಯೆ

2015ರ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಕಾರಿನೊಂದಿಗೆ ಎರಡು ಬಣ್ಣದ ಕೀಲಿಗಳು ಬರುತ್ತವೆ. ಕೆಂಪು ಕೀಲಿಯಲ್ಲಿ 707 ಅಶ್ವಶಕ್ತಿಯೂ ಲಭ್ಯ. ಕಪ್ಪು ಕೀಲಿಯಲ್ಲಿ ಅದು 500ಕ್ಕೆ ಸೀಮಿತ. ಕಾರನ್ನು ನಿಲುಗಡೆ ಸಿಬ್ಬಂದಿಗೆ ಒಪ್ಪಿಸುವಾಗ ನಾಲ್ಕಂಕಿಯ ಗುಪ್ತಸಂಖ್ಯೆಯಿಂದ 'ವ್ಯಾಲೆ' ಸ್ಥಿತಿಗೆ ತಂದರೆ, ಎಂಜಿನ್ ವೇಗ 4,000 ಆರ್‌ಪಿಎಂ ಮೀರದು ಮತ್ತು ಮೊದಲ ಗೇರ್ ದೊರೆಯದು.

ಈ ಕಾರುಗಳು ಕಳ್ಳರ ಗುರಿಯಾದಾಗ ಡಾಡ್ಜ್ ಕಂಪನಿಯು 2021ರಲ್ಲಿ ಹೆಚ್ಚುವರಿ ಭದ್ರತಾ ತಂತ್ರಾಂಶವನ್ನು ಪ್ರಕಟಿಸಿತು. 2015ರಿಂದ 2021ರವರೆಗಿನ, 6.4 ಲೀಟರ್ ಅಥವಾ ಸೂಪರ್‌ಚಾರ್ಜರ್ ಉಳ್ಳ 6.2 ಲೀಟರ್ ಎಂಜಿನ್ನಿನ ಚಾಲೆಂಜರ್ ಮತ್ತು ಚಾರ್ಜರ್ ಕಾರುಗಳಿಗೆ ಇದು ಅನ್ವಯಿಸುತ್ತದೆ. ಸರಿಯಾದ ಸಂಖ್ಯೆ ನಮೂದಿಸದಿದ್ದರೆ ಎಂಜಿನ್ 675 ಆರ್‌ಪಿಎಂ ಮೀರುವುದಿಲ್ಲ. ದೊರೆಯುವ ಶಕ್ತಿ ಮೂರು ಅಶ್ವಶಕ್ತಿಗಿಂತಲೂ ಕಡಿಮೆ. ತಂತ್ರಾಂಶವನ್ನು ಮಾರಾಟಗಾರರ ಬಳಿ ಹಾಕಿಸಿಕೊಳ್ಳಬೇಕಾದುದರಿಂದ, ಬಳಸಿದ ಕಾರನ್ನು ಕೊಳ್ಳುವವರು ಅದು ಇದೆಯೇ ಎಂದು ವಿಚಾರಿಸುವುದು ಸೂಕ್ತ.

ಫೋರ್ಡ್ ಕಾರುಗಳ 'ಮೈಕೀ' ಸೌಲಭ್ಯವು ಮನೆಯ ಕಿರಿಯ ಚಾಲಕರಿಗೆ ನೀಡುವ ಕೀಲಿಯಲ್ಲಿ ಗರಿಷ್ಠ ವೇಗ ಮತ್ತು ಸಂಗೀತದ ಸದ್ದಿಗೆ ಮಿತಿ ಹಾಕಲು ಅವಕಾಶ ಕೊಡುತ್ತದೆ.

### ಶಾಖ ನಿರ್ವಹಣೆ

ಸೂಪರ್‌ಚಾರ್ಜರ್ ಒತ್ತಿ ಕಳುಹಿಸುವ ಗಾಳಿ ಬಿಸಿಯಾದಷ್ಟೂ ಎಂಜಿನ್ನಿನ ಶಕ್ತಿ ಕುಂದುತ್ತದೆ. 2018ರ ಡಾಡ್ಜ್ ಡೀಮನ್ ಕಾರಿನಲ್ಲಿ ಹವಾನಿಯಂತ್ರಣದ ಶೀತಕವನ್ನೇ ಈ ಗಾಳಿಯನ್ನು ತಂಪಾಗಿಸಲು ತಿರುಗಿಸುವ ವ್ಯವಸ್ಥೆಯಿದೆ. ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ಮತ್ತು ಶೀತಕದ ಪಂಪು ಕೆಲಕಾಲ ಓಡಿ ಶಾಖವನ್ನು ಹೊರಹಾಕುತ್ತವೆ. ಇದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

### ನಿತ್ಯಬಳಕೆಯ ಸಣ್ಣ ಸೌಲಭ್ಯಗಳು

* ಒಂದರಿಂದ ನಾಲ್ಕಕ್ಕೆ: ಕೈಗೇರಿನ ಕಮಾರೋ ಎಸ್ಎಸ್ ಕಾರಿನಲ್ಲಿ ನಿಧಾನವಾಗಿ ಸಾಗುವಾಗ ಗೇರ್ ಕೋಲು ಒಂದರಿಂದ ನೇರವಾಗಿ ನಾಲ್ಕಕ್ಕೆ ಜಾರುತ್ತದೆ. ಇದು ಇಂಧನ ಉಳಿತಾಯಕ್ಕಾಗಿ ಇರುವ ವ್ಯವಸ್ಥೆ. ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ಒತ್ತಿದರೆ ಎರಡನೆಯ ಗೇರ್ ಎಂದಿನಂತೆ ದೊರೆಯುತ್ತದೆ.
* ಗಾಳಿಕಿಂಡಿಯ ಉಂಗುರ: 2016ರಿಂದೀಚಿನ ಕಮಾರೋ ಕಾರಿನಲ್ಲಿ ನಡುವಿನ ಗಾಳಿಕಿಂಡಿಗಳ ಸುತ್ತಲಿನ ಉಂಗುರವನ್ನು ತಿರುಗಿಸಿ ಉಷ್ಣತೆಯನ್ನು ಬದಲಿಸಬಹುದು.
* ಮುಚ್ಚಳವಿಲ್ಲದ ಇಂಧನ ಬಾಯಿ: ಇತ್ತೀಚಿನ ಮಸ್ಟಾಂಗ್ ಕಾರುಗಳ ಇಂಧನ ಬಾಯಿ ಸಾಧಾರಣ ಆಲಿಕೆಗೆ ತೆರೆದುಕೊಳ್ಳುವುದಿಲ್ಲ. ಡಬ್ಬಿಯಿಂದ ಇಂಧನ ತುಂಬಲು ಕಾರಿನೊಂದಿಗೇ ಬರುವ ಆಲಿಕೆಯನ್ನು ಬಳಸಬೇಕು.

## ಎಚ್ಚರಿಕೆಗಳು

ಹೊಸ ಮಸ್ಟಾಂಗ್ ಕಾರನ್ನು ಮೊದಲ 1,600 ಕಿ.ಮೀ. ವರೆಗೆ ಅತಿವೇಗವಾಗಿ ಓಡಿಸುವುದನ್ನೂ ಬಲವಾಗಿ ಬ್ರೇಕ್ ಹಾಕುವುದನ್ನೂ ತಪ್ಪಿಸಬೇಕೆಂದು ಕೈಪಿಡಿ ಸೂಚಿಸುತ್ತದೆ. ಪಂದ್ಯದ ಸ್ಥಿತಿಗಳಲ್ಲಿ ಚಕ್ರ ಜಾರುವಿಕೆಯನ್ನು ತಡೆಯುವ ನಿಯಂತ್ರಣವು ಸಡಿಲಗೊಳ್ಳುತ್ತದೆ ಅಥವಾ ಸ್ಥಗಿತಗೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಇದು ಅಪಾಯಕಾರಿ. ಈ ಕಾರುಗಳಿಗೆ ನೀಡುವ ಬೇಸಿಗೆಯ ಟೈರುಗಳ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ.

## ಭಾರತದಲ್ಲಿ

ಫೋರ್ಡ್ ಮಸ್ಟಾಂಗ್ ಜಿಟಿ 2016ರಲ್ಲಿ ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬಂದಿತು. ಬಲಬದಿಯ ಚಾಲನಾ ಚಕ್ರವನ್ನು ಕಾರ್ಖಾನೆಯಲ್ಲೇ ಅಳವಡಿಸಿದ ಮೊದಲ ಮಸ್ಟಾಂಗ್ ಪೀಳಿಗೆ ಇದಾಗಿದ್ದು, 5.0 ಲೀಟರ್ ವಿ8 ಎಂಜಿನ್ ಹೊಂದಿತ್ತು. ಮೋಟಾರು ವಾಹನಗಳ ಅಧಿನಿಯಮ, 1988ರ 189ನೆಯ ಪ್ರಕರಣದ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ಅಥವಾ ವೇಗಪರೀಕ್ಷೆ ನಡೆಸುವುದು ಶಿಕ್ಷಾರ್ಹ ಅಪರಾಧ. ಹೀಗಾಗಿ ಪಂದ್ಯಕ್ಕೆಂದೇ ಇರುವ ಸೌಲಭ್ಯಗಳ ಬಳಕೆಗೆ ಇಲ್ಲಿ ಮುಚ್ಚಿದ ಪಂದ್ಯಪಥಗಳೇ ತಕ್ಕ ಸ್ಥಳ.

## ಇವನ್ನೂ ನೋಡಿ

* ಫೋರ್ಡ್ ಮಸ್ಟಾಂಗ್
* ಪಾಂಟಿಯಾಕ್ ಜಿಟಿಒ
* ಡಾಡ್ಜ್ ಚಾಲೆಂಜರ್
* ಡ್ರ್ಯಾಗ್ ರೇಸಿಂಗ್
* ವಿ8 ಎಂಜಿನ್